ಶುಗರ್ ಬಂತಂತ ಎಮ್ಮಿ ಮಾರೋವರಿಗೆ ನಾಲ್ಕು ಮಾತು

ತೊಗರಿ ಹೂವಿಗೆ ಬಂದದ, ಕಾಯಿಕೊರಕದ ಬಗ್ಗೆ ಬರೀರಿ ಅಂತ ಮೂರು ಮಂದಿ ಫೋನ್ ಮಾಡಿದ್ರು. ಬರೀತೀನಿ, ಮುಂದಿನ ವಾರ. ಇವತ್ತು ಬ್ಯಾರೆ ಮಾತು ಅದ. ಎರಡು ದಿನದಿಂದ ಹೊಟ್ಟ್ಯಾಗ ಕುದೀಲಿಕತ್ತದ, ಬರೆದೇ ಬಿಡ್ತೀನಿ.

ಮೊನ್ನೆ ಮುಂಜಾನಿ ಡೇರಿ ಮುಂದ ಕ್ಯಾನ್ ಹಿಡ್ಕೊಂಡು ನಿಂತಿದ್ದೆ. ನಮ್ಮ ಓಣಿ ಕಾಕಾ ಒಬ್ಬರು, ಅರವತ್ತರ ಮ್ಯಾಲೆ ವಯಸ್ಸು, ಬರೇ ಕೈಲೆ ಬಂದ್ರು. "ಯಾಕ ಕಾಕಾ, ಎಮ್ಮಿ ಬತ್ತಿತೇನು?" ಅಂದೆ. "ಇಲ್ಲೋ ತಮ್ಮಾ, ಮಾರಿಬಿಟ್ಟೆ. ಶುಗರ್ ಬಂದದ, ಹಾಲು ಮೊಸರು ಮುಟ್ಟಬ್ಯಾಡ ಅಂದಾರ. ಮನ್ಯಾಗ ಎಮ್ಮಿ ಇದ್ರ ನಾಲಿಗಿ ಕೇಳಲ್ಲ" ಅಂದ್ರು. ಹಂಗೇ ಮಾತಾಡ್ತಾ ಬಾಜೂಕಿನ ಹೋಟೆಲಿಗೆ ಕರಕೊಂಡು ಹೋಗಿ ಚಹಾ ಹೇಳಿದ್ರು. ಕಪ್ಪಿನ ತಳದಾಗ ಸಕ್ಕರಿ ಕರಗದೆ ಕುಂತಿತ್ತು. ಅದನ್ನ ಚಮಚಿಯಿಂದ ತಿರುವಿ ಕುಡಿದ್ರು. ಜೋಡಿ ಎರಡು ಬಿಸ್ಕಿಟ್ ಅದ್ದಿ ತಿಂದ್ರು. ದಿನಕ್ಕ ನಾಲ್ಕು ಲೀಟರ್ ಕೊಡೋ ಎಮ್ಮಿ ಹೋತು, ಚಹಾ ಉಳೀತು. ನನಗ ಅಲ್ಲೇ ಕೂಗಬೇಕು ಅನಸ್ತು. ಹಿರಿಯರು, ಕೂಗಲಿಲ್ಲ. ಅದಕ್ಕೇ ಇಲ್ಲಿ ಬರೀಲಿಕತ್ತೀನಿ.

ನಾ ಓದಿದ್ದು ಎಸ್‌ಎಸ್‌ಎಲ್‌ಸಿ ತನಕ. ಡಾಕ್ಟರ್ ಅಲ್ಲ. ಎರಡು ಎಮ್ಮಿ ಕಟ್ಟೀನಿ, ಡೇರಿಗೆ ಹಾಲು ಹಾಕ್ತೀನಿ, ಸರ್ಕಾರ ಲೀಟರಿಗೆ ಕೊಡೋ ಪ್ರೋತ್ಸಾಹಧನ ತಗೋತೀನಿ. ಹಾಲು ಮಾರೋವ ಹಾಲಿನ ಪರ ಮಾತಾಡ್ತಾನ ಅಂತ ನೀವು ಅನ್ನಬಹುದು. ಅನ್ರಿ. ಆದ್ರ ಅದಕ್ಕಿಂತ ಮೊದಲು ನಮ್ಮ ಮನಿ ಕಥಿ ಕೇಳ್ರಿ.

ನಮ್ಮ ಮನಿಯಾಕಿಗೆ ಶುಗರ್ ಬಂದು ಎಂಟು ವರ್ಷ ಆತು. ದೊಡ್ಡವರಿಗೆ ಬರ್ತದಲ್ಲ, ಟೈಪ್ 2 ಅಂತಾರ, ಅದು. ಶುರುವಿಗೆ ಕಲಬುರಗಿಯ ಒಂದು ದವಾಖಾನಿಗೆ ಕರಕೊಂಡು ಹೋಗಿದ್ದೆ. ಹೆಸರು ಬ್ಯಾಡ. ಗುಳಿಗಿ ಬರೆದ್ರು, ಜೋಡಿ ಒಂದು ಛಾಪಿಸಿದ ಚೀಟಿ ಕೊಟ್ರು. ತಿನ್ನಬಾರದ್ದು: ಸಕ್ಕರಿ, ಬೆಲ್ಲ, ಆಲೂಗಡ್ಡಿ, ಹಾಲು, ಮೊಸರು, ತುಪ್ಪ. ತಿನ್ನಬಹುದು: ಚಪಾತಿ, ರವಾ ಉಪ್ಪಿಟ್ಟು, ಮಾರಿ ಬಿಸ್ಕಿಟ್. ವಾಪಸ್ ಬರೋ ಬಸ್ಸಿನಾಗ ಆಕಿ ಆ ಚೀಟಿ ಮಡಚಿ ಸೆರಗಿನಾಗ ಕಟ್ಟಿಕೊಂಡ್ಲು. ಆಕಿಗೆ ಓದಲಿಕ್ಕೆ ಬರಲ್ಲ, ಮನಿಗೆ ಬಂದ ಮ್ಯಾಲೆ ನಾನೇ ಓದಿ ಹೇಳಿದೆ. ಅಂದ್ರ ಆ ಮಾತು ಆಕಿಗೆ ನನ್ನ ಬಾಯಿಂದನೇ ಹೋತು.

ಹುಟ್ಟಿದಾಗಿಂದ ರೊಟ್ಟಿ ಜೋಡಿ ಮಜ್ಜಿಗಿ ಕುಡಿದು ಬೆಳೆದಾಕಿ. ಅಂದಿನಿಂದ ಬಂದ್. ಎಮ್ಮಿ ಹಿಂಡೋದು ಆಕಿ, ಹೆಪ್ಪು ಹಾಕೋದು ಆಕಿ, ಕಡೆಯೋದು ಆಕಿ, ಒಂದು ಹನಿ ಬಾಯಿಗೆ ಇಲ್ಲ. ನಾಲ್ಕು ವರ್ಷ ಹಂಗೇ ನಡೆಸಿದ್ಲು. ಮೂರು ತಿಂಗಳ ಶುಗರ್ ಟೆಸ್ಟ್ ಮಾಡಿಸಿದಾಗೆಲ್ಲ ಎಂಟರ ಕೆಳಗ ಇಳೀಲಿಲ್ಲ. ಯಾಕಂದ್ರ ಚೀಟಿ ಪ್ರಕಾರ ದಿನಾ ರವಾ ಉಪ್ಪಿಟ್ಟು ನಡೆದಿತ್ತು, ಬಿಸ್ಕಿಟ್ ನಡೆದಿತ್ತು, ಚಹಾಕ್ಕ "ಅರ್ಧ ಚಮಚಾ" ಸಕ್ಕರಿ ನಡೆದಿತ್ತು.

ಆಮ್ಯಾಲೆ ಅಂಗಾಲು ಉರಿ ಶುರುವಾತು. ರಾತ್ರಿ ಎದ್ದು ತಣ್ಣೀರಿನಾಗ ಕಾಲು ಇಟ್ಟು ಕುಂದ್ರೋದು. ಹತ್ತಿ ಮ್ಯಾಲೆ ನಡೆದಂಗ ಆಗ್ತದ ಅನ್ನೋಳು. ಒಂದಿನ ಕಳೆ ತೆಗೀಲಿಕ್ಕೆ ಹೋದಾಗ ಕಾಲಾಗ ಜಾಲಿ ಮುಳ್ಳು ಮುರಿದು ಕುಂತದ, ಸಂಜಿ ತನಕ ಆಕಿಗೆ ಗೊತ್ತೇ ಆಗಿಲ್ಲ. ರಕ್ತ ನೋಡಿ ನಾ ಹೇಳಿದೆ. ಕೇಳಿದವರೆಲ್ಲ ಒಂದೇ ಮಾತು: ಶುಗರ್ ಅಲ್ಲೇನು, ಹಿಂಗೇ ಇರ್ತದ.

ಕಡೀಕೆ ಬ್ಯಾರೆ ಡಾಕ್ಟರ್ ಕಡೆ ಹೋದ್ವಿ. ಅವರು ಕಾಲು ನೋಡೋಕಿಂತ ಮೊದಲು ಊಟದ ಬಗ್ಗೆ ಕೇಳಿದ್ರು. ಮಾಂಸ ತಿಂತೀರೇನವ್ವಾ? ಇಲ್ಲ. ತತ್ತಿ? ಇಲ್ಲ. ಹಾಲು ಮೊಸರು? ಬಿಟ್ಟೀನಿ. ಎಷ್ಟು ವರ್ಷ? ನಾಲ್ಕು. ಮೆಟ್‌ಫಾರ್ಮಿನ್ ಗುಳಿಗಿ ಎಷ್ಟು ವರ್ಷ? ಅದೂ ನಾಲ್ಕು. ಪೆನ್ನು ಕೆಳಗ ಇಟ್ಟು ಬಿ12 ಟೆಸ್ಟ್ ಬರೆದ್ರು. 200ರ ಮ್ಯಾಲೆ ಇರಬೇಕಾದದ್ದು 138 ಬಂತು. ಇಂಜೆಕ್ಷನ್ ಶುರು ಮಾಡಿದ್ರು. ಆರು ತಿಂಗಳಾದ ಮ್ಯಾಲೆ ಉರಿ ಅರ್ಧಕ್ಕ ಇಳೀತು. ಪೂರ್ತಿ ಇವತ್ತಿಗೂ ಹೋಗಿಲ್ಲ. ಶುಗರ್ ಕೂಡ ನರ ಸುಡ್ತದ, ಇಲ್ಲಿ ಎರಡೂ ಕೂಡಿ ಸುಟ್ಟಾವ ಅಂದ್ರು ಡಾಕ್ಟರ್.

ಈ ಬಿ12 ಮಾತು ನಮ್ಮ ಮಂದಿಗೆ ಸರಿಯಾಗಿ ತಿಳೀಬೇಕು. ಮೆಟ್‌ಫಾರ್ಮಿನ್ ಛಲೋ ಗುಳಿಗಿ, ಹಳೇ ಗುಳಿಗಿ, ಅಗ್ಗದ ಗುಳಿಗಿ. ಬಿಡಬ್ಯಾಡ್ರಿ. ಆದ್ರ ವರ್ಷಾನುಗಟ್ಟಲೆ ತಗೊಂಡ್ರ ಕರುಳು ಬಿ12 ಹೀರೋದು ಕಡಿಮಿ ಆಗ್ತದ. ಬ್ರಿಟನ್ ದೇಶದ ಔಷಧ ನಿಯಂತ್ರಣ ಸಂಸ್ಥೆ 2022ರಾಗ ಈ ಗುಳಿಗಿ ತಗೊಳ್ಳೋವರಿಗೆ ಲಕ್ಷಣ ಕಂಡ್ರ ಬಿ12 ನೋಡ್ರಿ ಅಂತ ಡಾಕ್ಟರುಗಳಿಗೆ ತಿಳಿಸಿತು. ಈ ಬಿ12 ಯಾವ ಕಾಯಿಪಲ್ಯದಾಗೂ ಹುಟ್ಟಲ್ಲ, ಜೋಳದಾಗಿಲ್ಲ, ತೊಗರಿಬ್ಯಾಳ್ಯಾಗಿಲ್ಲ. ಮಾಂಸ, ಮೀನು, ತತ್ತಿ, ಹಾಲು, ಅಷ್ಟೇ. ಹಾಲಿಗೆ ಅದು ಎಲ್ಲಿಂದ ಬರ್ತದ? ಎಮ್ಮಿ ಮೆಲುಕು ಹಾಕೋ ದೊಡ್ಡ ಹೊಟ್ಟ್ಯಾಗಿನ ಸೂಕ್ಷ್ಮಜೀವಿ ತಯಾರು ಮಾಡ್ತಾವ. ಅದಕ್ಕ ಕೋಬಾಲ್ಟ್ ಬೇಕು. ನೀವು ಹಿಂಡಿ ಜೋಡಿ ಹಾಕೋ ಖನಿಜ ಮಿಶ್ರಣದ ಚೀಲದ ಮ್ಯಾಲೆ ಓದ್ರಿ, ಕೋಬಾಲ್ಟ್ ಅಂತ ಬರೆದಿರ್ತದ. ಅದು ಇದಕ್ಕೇ.

ಅಂದ್ರ ನಮ್ಮ ಕೊಟ್ಟಿಗ್ಯಾಗ ಎರಡು ಎಮ್ಮಿ ದಿನಾ ಬಿ12 ತಯಾರು ಮಾಡ್ತಿದ್ವು, ಒಳಗ ನಮ್ಮ ಮನಿಯಾಕಿ ಅದೇ ಇಲ್ಲದೆ ಕಾಲು ಉರಿಸ್ಕೊಂಡು ಕುಂತಿದ್ಲು. ಹಾಲು ಕಲಬುರಗಿಗೆ ಹೋಗ್ತಿತ್ತು, ಇಂಜೆಕ್ಷನ್ ಕಲಬುರಗಿಯಿಂದ ಬರ್ತಿತ್ತು. ಈಗ ಹೇಳ್ರಿ ನನಗ ಸಿಟ್ಟು ಬರಬಾರದೇನು?

ಹಾಂ, ಒಂದು ಮಾತು. ಬಿ12 ಪೂರಾ ಇಳಿದ ಮ್ಯಾಲೆ ಬರೇ ಹಾಲು ಕುಡಿದು ಏರಲ್ಲ. ಗುಳಿಗಿನೋ ಇಂಜೆಕ್ಷನ್ನೋ ಬೇಕು. ಹಾಲು ಇಳೀದಂಗ ತಡೀಲಿಕ್ಕೆ.

ಇನ್ನ ಹಾಲಿನಾಗ ಸಕ್ಕರಿ ಇಲ್ಲೇನು ಅಂತ ಕೇಳ್ತೀರಿ. ಅದ. ಎಷ್ಟದ ಅನ್ನೋದು ನಿಮ್ಮ ಕಿಸೆದಾಗಿನ ಡೇರಿ ಸ್ಲಿಪ್ಪಿನಾಗೇ ಸಿಗ್ತದ. ಫ್ಯಾಟ್ ಒಂದು, ಎಸ್‌ಎನ್‌ಎಫ್ ಒಂದು ಬರೆದಿರ್ತಾರಲ್ಲ. ನಾವು ರೇಟಿಗಾಗಿ ಫ್ಯಾಟ್ ಅಷ್ಟೇ ನೋಡ್ತೀವಿ. ಎಸ್‌ಎನ್‌ಎಫ್ ಅಂದ್ರ ಕೊಬ್ಬು ಬಿಟ್ಟು ಉಳಿದ ಗಟ್ಟಿ ಪದಾರ್ಥ. ಅದು 9 ಬಂದ್ರ ಅದರಾಗ ಹೆಚ್ಚೂಕಡಿಮಿ 5 ಹಾಲಿನ ಸಕ್ಕರಿ, ಲ್ಯಾಕ್ಟೋಸ್ ಅಂತಾರ. ಉಳಿದದ್ದು ಪ್ರೋಟೀನ್ ಮತ್ತ ಖನಿಜ. 200 ಮಿಲಿ ಗಿಲಾಸಿನಾಗ ಸುಮಾರು 10 ಗ್ರಾಂ ಆತು.

ಇದರ ಮ್ಯಾಲೆ ಒಂದು ತಮಾಷೆ ನೋಡ್ರಿ. ಕಲಬುರಗಿ ಶಹರದಾಗಿನ ನಮ್ಮ ಬೀಗರು ಶುಗರ್ ಅಂತ ಡಬಲ್ ಟೋನ್ಡ್ ಪಾಕೀಟು ತರ್ತಾರ, ಅದರಾಗ ಸಕ್ಕರಿ ಇಲ್ಲ ಅಂತ ತಿಳಿದಾರ. ಕೆನಿ ತೆಗೆದ್ರ ಹೋಗೋದು ಫ್ಯಾಟ್, ಸಕ್ಕರಿ ಅಲ್ಲೇ ಇರ್ತದ. ಕಾಯ್ದೆ ಪ್ರಕಾರ ಡಬಲ್ ಟೋನ್ಡಿಗೆ ಫ್ಯಾಟ್ 1.5, ಎಸ್‌ಎನ್‌ಎಫ್ 9. ನಮ್ಮ ಎಮ್ಮಿ ಹಾಲಿನ ಎಸ್‌ಎನ್‌ಎಫ್ ಕೂಡ ಅಲ್ಲೇ ಸುತ್ತಮುತ್ತ. ತೂಕ ಇಳಿಸೋವರಿಗೆ ಕೆನಿ ತೆಗೆದದ್ದು ಉಪಯೋಗ ಆಗಬಹುದು. ಸಕ್ಕರಿ ಲೆಕ್ಕಕ್ಕ ಅಲ್ಲ.

ಈಗ 10 ಗ್ರಾಂ ಹೆಚ್ಚೋ ಕಡಿಮಿಯೋ? 70 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟ್ಯಾಗ ಪಿಷ್ಟ 45 ಗ್ರಾಂ ದಾಟ್ತದ. ಅದೂ ಹೊಟ್ಟ್ಯಾಗ ಸಕ್ಕರಿನೇ ಆಗ್ತದ. ರೊಟ್ಟಿ ಬಿಡ್ರಿ ಅಂತ ಹೇಳಲ್ಲ, ನಾವು ಬದುಕಿದ್ದೇ ಅದರ ಮ್ಯಾಲೆ. ಅನ್ನಭಾಗ್ಯದ ಅಕ್ಕಿ ಬಂದ ಮ್ಯಾಲೆ ಎಷ್ಟೋ ಮನ್ಯಾಗ ರೊಟ್ಟಿ ಒಂದೇ ಹೊತ್ತಿಗೆ ಇಳಿದದ, ಆ ಮಾತು ಇನ್ನೊಂದಿನ. ನಾ ಹೇಳೋದು ಇಷ್ಟೇ: ಊಟದಾಗ ಎಲ್ಲಕ್ಕಿಂತ ಸಣ್ಣ ಕಳ್ಳನ ಹಿಡಿದು ಕಂಬಕ್ಕ ಕಟ್ಟೀರಿ.

ದೊಡ್ಡ ಕಳ್ಳ ಚಹಾದ ಕಪ್ಪಿನಾಗ ಕುಂತಾನ. ಲೆಕ್ಕ ಹಾಕ್ರಿ. ನಮ್ಮ ಕಡೆ ಹೊಲದಾಗ ದುಡಿಯೋ ಮನುಷ್ಯ ದಿನಕ್ಕ ನಾಲ್ಕು ಚಹಾ ಕುಡೀತಾನ, ಇದು ಕಡಿಮಿ ಹಿಡಿದು. ಕಪ್ಪಿಗೆ ಎರಡು ಚಮಚಾ ಸಕ್ಕರಿ, ಚಮಚಕ್ಕ 5 ಗ್ರಾಂ. ನಲವತ್ತು ಗ್ರಾಂ ಆತು. ನಾಲ್ಕು ಕಪ್ಪಿಗೆ ಹಾಲು 200 ಮಿಲಿ ಹಿಡೀರಿ, ಹಾಲಿನ ಸಕ್ಕರಿ 10 ಗ್ರಾಂ. ನಲವತ್ತಕ್ಕ ಮಾಫಿ, ಹತ್ತಕ್ಕ ಶಿಕ್ಷೆ! ತಿಂಗಳಿಗೆ ಒಬ್ಬನ ಚಹಾದಾಗ 1 ಕಿಲೋ 200 ಗ್ರಾಂ ಸಕ್ಕರಿ ಹೋಗ್ತದ. ಐದು ಮಂದಿ ಮನಿಗೆ 6 ಕಿಲೋ. ನಂಬಿಕಿ ಇಲ್ಲಂದ್ರ ಕಿರಾಣಿ ಚೀಟಿ ತೆಗೆದು ನೋಡ್ರಿ. ನಾನೂ ನೋಡೀನಿ. ನಮ್ಮ ಮನಿ ಚೀಟ್ಯಾಗ 7 ಇತ್ತು, ನಾಚಿಕಿ ಆತು.

ಸಕ್ಕರಿಯಾಗ ಫರಕೂ ಅದ. ಚಹಾದ ಸಕ್ಕರಿ ಒಂಟಿಯಾಗಿ ಹೋಗ್ತದ, ತಡಿಯೋವರು ಯಾರೂ ಇಲ್ಲ. ಹಾಲಿನ ಸಕ್ಕರಿ ಪ್ರೋಟೀನ್, ಕೊಬ್ಬಿನ ಜೋಡಿ ಹೋಗ್ತದ, ಹೊಟ್ಟಿಯಿಂದ ಮೆಲ್ಲಕ ಇಳೀತದ. ಹಾಲಿನ ಪ್ರೋಟೀನ್ ನಮ್ಮ ಮೈಯಾಗಿನ ಇನ್ಸುಲಿನ್ನನ್ನೂ ಎಬ್ಬಸ್ತದ. ಮೊಸರಾದ್ರ ಹೆಪ್ಪಿನ ಜೀವಿಗಳು ಲ್ಯಾಕ್ಟೋಸಿನಾಗ ಒಂದಿಷ್ಟು ತಿಂದು ಹುಳಿ ಮಾಡಿಬಿಡ್ತಾವ. ಆ ಹುಳಿನೇ ಸಾಕ್ಷಿ. ಅದನ್ನ ಕಡೆದು ಮೂರು ಪಟ್ಟು ನೀರು ಹಾಕಿದ ಮಜ್ಜಿಗ್ಯಾಗ ಸಕ್ಕರಿ ಹುಡುಕೋವರಿಗೆ ಕೈ ಮುಗೀತೀನಿ. ಕಲಬುರಗಿ ಬ್ಯಾಸಿಗಿ 43 ಡಿಗ್ರಿ ದಾಟಿದಾಗ ಶುಗರ್ ಇದ್ದ ಕೂಲಿ ಹೆಣ್ಣುಮಗಳು ಮಜ್ಜಿಗಿ ಬಿಟ್ಟು ಬಾಟಲಿ ಜ್ಯೂಸ್ ಕುಡಿಯೋದು ನಾ ಕಣ್ಣಾರೆ ನೋಡೀನಿ.

ನಮ್ಮ ಮನ್ಯಾಗ ಶುಗರ್ ನೋಡೋ ಮಷೀನ್ ಅದ. ಒಂದಿನ ಮುಂಜಾನಿ ಬರೇ ಹೊಟ್ಟಿಲೆ ಆಕಿದು 126 ಇತ್ತು. ಸಕ್ಕರಿ ಇಲ್ಲದ ಒಂದು ಗಿಲಾಸ ಹಾಲು ಕೊಟ್ಟು ಎರಡು ತಾಸಿಗೆ ನೋಡಿದೆ, 148. ಇನ್ನೊಂದಿನ 131 ಇದ್ದಾಗ ಚೀಟ್ಯಾಗಿನ ಉಪ್ಪಿಟ್ಟು, ಚಹಾ, ಬಿಸ್ಕಿಟ್ ಕೊಟ್ಟೆ. 241. ಒಂದು ಮನಿ, ಒಂದು ಬೆರಳು, ಇದನ್ನ ಪುರಾವೆ ಅಂತ ಹಿಡೀಬ್ಯಾಡ್ರಿ. ನಿಮ್ಮ ಬೆರಳು ನೀವೇ ಚುಚ್ಚಿ ನೋಡ್ರಿ.

ಪುರಾವೆ ಬೇಕಂದ್ರ ದೊಡ್ಡ ಲೆಕ್ಕ ಅದ. ಪ್ಯೂರ್ ಅಂತ ಒಂದು ಅಧ್ಯಯನ, 21 ದೇಶ, ಸುಮಾರು ಒಂದೂವರಿ ಲಕ್ಷ ಮಂದಿ, ಅದರಾಗ ನಮ್ಮ ಭಾರತವೂ ಅದ. 2020ರಾಗ ಛಾಪಾಗ್ಯಾದ. ದಿನಕ್ಕ ಎರಡು ಪಾಲು ಅಥವಾ ಹೆಚ್ಚು ಹಾಲು ಮೊಸರು ತಗೊಳ್ಳೋವರಿಗೆ, ಏನೂ ತಗೊಳ್ಳದವರಿಗಿಂತ, ಬಿಪಿ ಮತ್ತ ಶುಗರ್ ಬರೋದು ನೂರಕ್ಕ 11-12ರಷ್ಟು ಕಡಿಮಿ ಕಂಡದ. ಕೆನಿ ತೆಗೀದ ಹಾಲಿನವರಾಗೇ ಇದು ಹೆಚ್ಚು ಕಂಡದ. 2024ರ ಮಾರ್ಚಿನಾಗ ಅಮೆರಿಕದ ಆಹಾರ ಔಷಧ ಇಲಾಖೆ, ವಾರಕ್ಕ ಎರಡು ಕಪ್ಪು ಮೊಸರು ತಿಂದ್ರ ಟೈಪ್ 2 ಬರೋ ಸಂಭವ ಕಡಿಮಿ ಆಗಬಹುದು ಅಂತ ಡಬ್ಬಿ ಮ್ಯಾಲೆ ಬರೀಲಿಕ್ಕೆ ಒಪ್ಪಿತು, ಪುರಾವೆ ಸೀಮಿತ ಅನ್ನೋ ಮಾತು ಸೇರಿಸಿ. ಅದನ್ನ ಕೇಳಿದ್ದು ಮೊಸರು ಮಾರೋ ಕಂಪನಿ, ಅದನ್ನೂ ನೆನಪಿಡ್ರಿ. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2024ರ ಮಾರ್ಗದರ್ಶಿಯೊಳಗ ದಿನದ ತಾಟಿನಾಗ 300 ಮಿಲಿ ಹಾಲು ಅಥವಾ ಮೊಸರು ಇಟ್ಟದ.

ಇವೆಲ್ಲ ಶುಗರ್ ಬರೋದರ ಬಗ್ಗೆ, ಬಂದ ಮ್ಯಾಲಿನ ಔಷಧದ ಬಗ್ಗೆ ಅಲ್ಲ. ಹಾಲು ಕುಡಿಯೋವರು ಬ್ಯಾರೆ ಊಟನೂ ಛಲೋ ಮಾಡ್ತಿರಬಹುದು. ಆದ್ರ ಹಾಲು ವಿಷ ಅಂತ ವಾಟ್ಸಾಪಿನಾಗ ಕಳಿಸೋವರ ಹತ್ರ ಇಷ್ಟರ ಒಂದಾಣಿ ಪುರಾವೆನಾದ್ರೂ ಅದನೇನು?

ಈಗ ಇನ್ನೊಂದು ಗುಂಪು. ಹಾಲು ವಿಷ ಅನ್ನೋವರಿಗಿಂತ ಇವರು ಜಾಸ್ತಿ ಅಪಾಯ. "ದೇಸಿ ಆಕಳ ಎ2 ಹಾಲು, ಶುಗರ್ ಬುಡಸಮೇತ ಹೋಗ್ತದ" ಅಂತ ಕಲಬುರಗಿ ಶಹರದಾಗ ಲೀಟರಿಗೆ ನೂರರ ಮ್ಯಾಲೆ ಮಾರ್ತಾರ. ದೇವಣಿ ಆಕಳ ಮ್ಯಾಲೆ ನನಗೂ ಪ್ರೀತಿ ಅದ, ನಮ್ಮಪ್ಪ ಕಟ್ಟಿದ್ದ. ಆದ್ರ ಸುಳ್ಳು ಸುಳ್ಳೇ. ಎ1, ಎ2 ಅಂದ್ರ ಹಾಲಿನ ಒಂದು ಪ್ರೋಟೀನಿನಾಗ ಸಣ್ಣ ಫರಕು. ಸಕ್ಕರಿ ಎರಡರಾಗೂ ಅಷ್ಟೇ. ಎ1 ಹಾಲಿನ ಮ್ಯಾಲೆ ಅನುಮಾನ ಹುಟ್ಟಿದ್ದು ಸಣ್ಣ ಮಕ್ಕಳಿಗೆ ಬರೋ ಟೈಪ್ 1 ಬಗ್ಗೆ, ನಮ್ಮ ಟೈಪ್ 2 ಬಗ್ಗೆ ಅಲ್ಲ. 2009ರಾಗ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಎಲ್ಲ ಕಾಗದ ಜಾಲಾಡಿ ಕಾರಣ-ಪರಿಣಾಮ ಸಿಗಲಿಲ್ಲ ಅಂತ ಬರೀತು. ನಮ್ಮ ಎಫ್‌ಎಸ್‌ಎಸ್‌ಎಐ 2024ರ ಆಗಸ್ಟ್‌ದಾಗ ಪಾಕೀಟಿನ ಮ್ಯಾಲೆ ಎ1 ಎ2 ಬರೀಬ್ಯಾಡ್ರಿ ಅಂತು, ವಾರದೊಳಗ ಆ ಆದೇಶ ವಾಪಸ್ ತಗೊಂತು. ಅಷ್ಟಕ್ಕೂ ಎ2ನೇ ಬೇಕಂದ್ರ ನಮ್ಮ ಎಮ್ಮಿ ಹಾಲು ಮೊದಲಿಂದ ಎ2ನೇ. ಯಾರಾದ್ರೂ ನಮಗ ಲೀಟರಿಗೆ ನೂರು ಕೊಟ್ಟಾರೇನು?

ಬಾಜೂ ಊರಿನ ಒಬ್ಬ ರೈತ, ನನ್ನ ವಾರಿಗಿಯವ, ಕೆಂಪು ಬಾಳಿ ಬೆಳಿಯೋವ. ಈ ಹಾಲು ನಂಬಿ ಗುಳಿಗಿ ಬಿಟ್ಟ. ಮೂರು ತಿಂಗಳು ಹುಷಾರಿದ್ದ, ಎಲ್ಲರಿಗೂ ಹೇಳಿಕೊಂಡು ತಿರುಗಿದ. ನಾಲ್ಕನೇ ತಿಂಗಳು ಕಾಲಿನ ಹುಣ್ಣು ಮಾಯಲಿಲ್ಲ. ದವಾಖಾನ್ಯಾಗ ನೋಡಿದಾಗ ಶುಗರ್ 460. ಹೆಬ್ಬೆರಳು ತೆಗೆದ್ರು. ಈಗ ಹೊಲದ ಬದು ಮ್ಯಾಲೆ ಕೋಲು ಊರಿ ನಡೀತಾನ. ಹಾಲು ಮಾರಿದವನ ಫೋನ್ ಹತ್ತಲ್ಲ. ನಮ್ಮ ಕಮಲಾಪುರದ ಕೆಂಪು ಬಾಳಿಹಣ್ಣು ಶುಗರಿಗೆ ಔಷಧ ಅಂತ ರೀಲ್ಸ್ ಮಾಡೋ ಹುಡುಗರಿಗೂ ಇದೇ ಮಾತು ಹೇಳ್ತೀನಿ. ಹಣ್ಣು ಹಣ್ಣೇ. ನಮ್ಮ ಬೆಳಿ ಅಂತ ಸುಳ್ಳು ಹೇಳಬ್ಯಾಡ್ರಿ.

ಹಂಗಂತ ಹಾಲಿನ ಹೆಸರು ಇದ್ದದ್ದೆಲ್ಲ ಹಾಲಲ್ಲ. ಪೇಡೆ, ಬಾಸುಂದಿ, ಕಲಬುರಗಿ ಮಾಲಪುರಿ, ಸಕ್ಕರಿ ಲಸ್ಸಿ, ಬಾಟಲಿ ಬಾದಾಮ್ ಹಾಲು, ಮಕ್ಕಳ ಡಬ್ಬಿ ಪುಡಿ, ಅವೆಲ್ಲ ಸಕ್ಕರಿ ಲೆಕ್ಕಕ್ಕೇ ಬರೀರಿ. ತುಪ್ಪ ಶುಗರ್ ಏರಿಸಲ್ಲ ಖರೆ, ಆದ್ರ ಹುಟ್ಟಿಲೆ ಸುರಕೊಂಡ್ರ ತೂಕ ಏರ್ತದ, ಹೃದಯಕ್ಕ ಭಾರ. ಒಂದು ಚಮಚಾ ಸಾಕು. ಕಿಡ್ನಿ ತೊಂದ್ರಿ ಇದ್ದವರಿಗೆ ಡಾಕ್ಟರ್ ಹಾಲು ಕಡಿಮಿ ಮಾಡ್ರಿ ಅಂದ್ರ ಅದಕ್ಕ ಬ್ಯಾರೆ ಕಾರಣ ಅದ, ಕೇಳ್ರಿ. ಲೀಟರ್ ಗಟ್ಟಲೆ ಕುಡೀರಿ ಅಂತ ನಾ ಎಲ್ಲೂ ಹೇಳಿಲ್ಲ.

ಡಾಕ್ಟರುಗಳನ್ನ ಬೈಯ್ಯೋದೂ ಪೂರಾ ಸರಿ ಅಲ್ಲ. ದೇಶದಾಗ ಶುಗರ್ ಇದ್ದವರು 10 ಕೋಟಿ ದಾಟ್ಯಾರ ಅಂತ 2023ರಾಗ ಐಸಿಎಂಆರ್ ಲೆಕ್ಕ ಬಂತು. ಒಬ್ಬೊಬ್ಬರಿಗೆ ಎರಡು ನಿಮಿಷ ಸಿಗೋದು ಕಷ್ಟ. ಆದ್ರ ಎರಡು ನಿಮಿಷದಾಗ ಹಾಲು ಬಿಡ್ರಿ ಅನ್ನಲಿಕ್ಕೆ ಟೈಮ್ ಸಿಗ್ತದ, ಚಹಾಕ್ಕ ಎಷ್ಟು ಸಕ್ಕರಿ ಅಂತ ಕೇಳಲಿಕ್ಕೆ ಸಿಗಲ್ಲ, ಇದು ಹೆಂಗ? ನಿಮ್ಮ ಚೀಟ್ಯಾಗ ಹಾಲು ಬಂದ್ ಅಂತ ಬರೆದಿದ್ರ ಯಾಕ ಅಂತ ಕೇಳ್ರಿ. ಐದಾರು ವರ್ಷ ಮೆಟ್‌ಫಾರ್ಮಿನ್ ನುಂಗಿದವರು, ಅದರಾಗೂ ಮಾಂಸ ತತ್ತಿ ಮುಟ್ಟದವರು, ಬಿ12 ಟೆಸ್ಟ್ ಬೇಕೇನು ಅಂತ ಬಾಯಿಬಿಟ್ಟು ಕೇಳ್ರಿ. ರೊಕ್ಕ ಹೋಗ್ತದ, ಕಾಲು ಉಳೀತದ.

ಕಡೀಕೆ ನಮ್ಮ ತಪ್ಪೂ ಬರೀತೀನಿ, ಇಲ್ಲಂದ್ರ ಮನಿಯಾಕಿ ಬಿಡಲ್ಲ. ಹಾಲು ಬಿಡಿಸಿದ್ದು ದವಾಖಾನಿ ಚೀಟಿ ಒಂದೇ ಅಲ್ಲ. ಡೇರಿ ಬಂದಾಗಿನಿಂದ ನಾವು ಹಾಲನ್ನ ರೊಕ್ಕ ಅಂತ ನೋಡ್ಲಿಕತ್ತೀವಿ. ನಮ್ಮವ್ವನ ಕಾಲಕ್ಕ ಬೆಣ್ಣಿ ಮಾರ್ತಿದ್ರು, ಮಜ್ಜಿಗಿ ಓಣಿಗೆಲ್ಲ ಪುಕ್ಕಟೆ ಹಂಚ್ತಿದ್ರು. ಕಡೆಯೋ ಸಪ್ಪಳ ಕೇಳಿದ್ರ ಹುಡುಗ್ರು ಚರಿಗಿ ಹಿಡ್ಕೊಂಡು ಬರ್ತಿದ್ವು. ಈಗ ಪೂರಾ ಕ್ಯಾನ್ ಡೇರಿಗೆ, ಮನಿಗೆ ಅರ್ಧ ಪಾವು, ಅದೂ ಚಹಾಕ್ಕ. ಹೊತ್ತಿಗೆ ಹತ್ತು ಲೀಟರ್ ಹಾಕೋ ಮನ್ಯಾಗ ಬಸುರಿ ಹೆಣ್ಣುಮಗಳು ಕರಿ ಚಹಾ ಕುಡಿಯೋದು ಕಂಡೀನಿ. ಅಂಥಾ ಮನಿಗೆ ಶುಗರ್ ಬಂದಾಗ ಹಾಲು ಬಿಡ್ರಿ ಅಂದ್ರ ಒಂದು ಕಡೆ ಖುಷಿನೇ ಆಗ್ತದ, ಇನ್ನ ಪಾವು ಲೀಟರ್ ಹೆಚ್ಚು ಹಾಕಬಹುದಲ್ಲ ಅಂತ. ನನಗೂ ಆಗಿತ್ತು. ಸುಳ್ಳು ಹೇಳಲ್ಲ.

ಈಗ ನಮ್ಮ ಮನ್ಯಾಗ ಹಿಂಡಿದ ಕೂಡ್ಲೆ ಮೊದಲು ಮನಿ ಪಾತೇಲಿಗೆ ಒಂದು ಲೀಟರ್, ಆಮ್ಯಾಲೆ ಕ್ಯಾನಿಗೆ. ಅದು ಆಕಿ ಕೈಯಾಗ ಅದ, ನನ್ನ ಕೈಯಾಗ ಇಲ್ಲ. ಚಹಾ ಎರಡಕ್ಕ ಇಳಿದದ, ಸಕ್ಕರಿ ಬಿಟ್ಟು. ಮೊದಲ ಹದಿನೈದು ದಿನ ಬಾಯಿಗೆ ಹತ್ತಲಿಲ್ಲ. ಉಪ್ಪಿಟ್ಟಿನ ಜಾಗದಾಗ ಒಂದು ರೊಟ್ಟಿ, ಪುಂಡಿಪಲ್ಯ, ಒಂದು ಬಟ್ಟಲು ಮೊಸರು. ಆಕಿ ಮೂರು ತಿಂಗಳ ಶುಗರ್ ಈ ಸಲ 7.1 ಬಂತು. ಗುಳಿಗಿ ನಡೆದಾವ, ಬಿ12 ಗುಳಿಗಿನೂ ನಡೆದದ.

ನಿನ್ನೆ ಸಂಜಿ ಕಾಕಾನ ಮನಿಗೆ ಒಂದು ಚರಿಗಿ ಮಜ್ಜಿಗಿ ಕಳಿಸಿದ್ದೆ, ಜೀರಿಗಿ ಹಾಕಿ. ಚರಿಗಿ ಖಾಲಿ ಮಾಡಿ ವಾಪಸ್ ಕೊಟ್ಟಾರ. ಎಮ್ಮಿ ಮಾತ್ರ ಹುಮನಾಬಾದ ಕಡೆ ವ್ಯಾಪಾರಿ ಹೊಡ್ಕೊಂಡು ಹೋಗ್ಯಾನ. ಎರಡನೇ ಸೂಲಿನ ಎಮ್ಮಿ ಇತ್ತು, ಹೆಣ್ಣು ಕರ ಜೋಡಿ.